ಕಣ್ಣು ಬಿದ್ದ ವಾಚು

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುವವರು ಕೃಷ್ಣರಾಜ ಮಾಷ್ಟ್ರನ್ನು ಕಂಡವರಲ್ಲ. ಮಾಷ್ಟ್ರ ಹತ್ತಿರ ಮದ್ದಿತ್ತು. ಮಂಗಳೂರು ಫಳ್ನೀರಿನ ಅವರ ಫ್ಲ್ಯಾಟಿನಲ್ಲಿ, ಮಲಗುವ ಕೋಣೆಯ ಕಬ್ಬಿಣದ ಕಪಾಟಿನೊಳಗೆ, ಹೆಂಡತಿ ಗಿರಿಜಮ್ಮನ ರೇಷ್ಮೆ ಸೀರೆಗಳ ಹಿಂದೆ ಒಂದು ಬಿಸ್ಕೆಟ್ ಡಬ್ಬಿ ಇತ್ತು. ಅದರೊಳಗೆ ಹತ್ತಿಯ ಮೇಲೆ ಒಂದು ವಾಚು ಮಲಗಿತ್ತು. ಕಿಚ್ಚು ಏರಿದಾಗಲೆಲ್ಲ ಮಾಷ್ಟ್ರು ಆ ಡಬ್ಬಿ ತೆಗೆದು ನೋಡುತ್ತಿದ್ದರು. ನೋಡಿ, ‘ಇದು ಅವನ ಹತ್ತಿರ ಇಲ್ಲ’ ಎಂದುಕೊಳ್ಳುತ್ತಿದ್ದರು. ಆಮೇಲೆ ಊಟ ಸೇರುತ್ತಿತ್ತು.

‘ಅವನು’ ಎಂದರೆ ಜಿತೇಶ್. ಕೂಳೂರು ಸೇತುವೆಯ ಆಚೆಯವನು, ಮಾಷ್ಟ್ರ ಹಳೆಯ ವಿದ್ಯಾರ್ಥಿ. ಹೈಸ್ಕೂಲಿನಲ್ಲಿ ಮಾಷ್ಟ್ರು ವಿಜ್ಞಾನ ಕಲಿಸುತ್ತಿದ್ದ ಕಾಲಕ್ಕೆ ಈ ಹುಡುಗ ಒಂದು ದಿನವೂ ಹೊತ್ತಿಗೆ ಸರಿಯಾಗಿ ಬಂದವನಲ್ಲ. ಬಸ್ಸು ತಪ್ಪಿತು, ಬಸ್ಸು ನಿಲ್ಲಿಸಲಿಲ್ಲ, ಬಸ್ಸೇ ಬರಲಿಲ್ಲ. ಮಾಷ್ಟ್ರು ಮಣಿಕಟ್ಟಿನ ವಾಚನ್ನು ಅವನ ಮೂಗಿನ ಹತ್ತಿರ ಹಿಡಿದು, “ಗಂಟೆ ಓದಲಿಕ್ಕೆ ಬರ್ತದಾ?” ಎಂದು ಕೇಳಿ ಬಾಗಿಲಿನ ಹೊರಗೆ ನಿಲ್ಲಿಸುತ್ತಿದ್ದರು. ಮುಂದೆ ಆ ಹುಡುಗ ಏಸಿ ರಿಪೇರಿ ಕಲಿತು ಗಲ್ಫಿಗೆ ಹೋದ, ಅಲ್ಲಿಂದ ಬಂದು ಇಲ್ಲೇ ಏಸಿ ಅಂಗಡಿ ಹಾಕಿದ, ಅವನ ಹೆಸರು ಬರೆದ ವ್ಯಾನುಗಳು ಊರೆಲ್ಲ ಓಡಾಡತೊಡಗಿದವು. ಒಂದು ಮದುವೆ ಊಟದಲ್ಲಿ ಸಿಕ್ಕಿದವನು ಮಾಷ್ಟ್ರ ಕಾಲು ಮುಟ್ಟಿ ನಮಸ್ಕರಿಸಿ, “ಹೊರಗೆ ನಿಂತು ನಿಂತು ನಿಮ್ಮ ವಾಚೇ ನೋಡ್ತಾ ಇದ್ದೆ ಸರ್. ಅಲ್ಲಿಂದಲೇ ನಂಗೆ ವಾಚಿನ ಮರ್ಲು ಹಿಡಿದದ್ದು” ಎಂದ.

ಮರ್ಲು ಎಂದರೆ ಹುಚ್ಚು. ಮಾಷ್ಟ್ರಿಗೂ ಅದೇ ಹುಚ್ಚು. ತನ್ನ ಹುಚ್ಚಿಗೆ ಶಿಷ್ಯನೊಬ್ಬ ಸಿಕ್ಕಿದರೆ ಯಾರಿಗೆ ಖುಷಿಯಾಗುವುದಿಲ್ಲ? ಮನೆಗೆ ಕರೆದು ಕೂರಿಸಿ ಎಲ್ಲವನ್ನೂ ಹೇಳಿಕೊಟ್ಟರು. ಹಳೆಯ ವಾಚನ್ನು ಕಿವಿಗೆ ಹಿಡಿದು ಅದರ ಆರೋಗ್ಯ ತಿಳಿಯುವುದು ಹೇಗೆ, ಮುಖಕ್ಕೆ ಹೊಸ ಬಣ್ಣ ಬಳಿದಿದ್ದರೆ ಅಕ್ಷರಗಳ ಅಂಚಿನಲ್ಲೇ ಗೊತ್ತಾಗುವುದು ಹೇಗೆ, ಹಳೆಯ ಮನೆಗಳಲ್ಲಿ ಯಾವ ಮಾತು ಆಡಿದರೆ ಬೀಗ ಹಾಕಿದ ಯಾವ ಪೆಟ್ಟಿಗೆ ತೆರೆಯುತ್ತದೆ. ಹೇಳಿಕೊಟ್ಟದ್ದು ಇವರು, ಕೊಂಡದ್ದು ಅವನು. ಪಿಂಚಣಿಯ ಮಾಷ್ಟ್ರು ಒಂದು ವಾಚಿನ ಬಗ್ಗೆ ಒಂದು ವರ್ಷ ಯೋಚಿಸುವಷ್ಟರಲ್ಲಿ ಜಿತೇಶ್ ಸ್ಕೂಟರಿನಲ್ಲಿ ಹೋಗಿ ತಂದಾಗಿರುತ್ತಿತ್ತು. ಬಂದರಿನ ಹಳೆಯ ಕಾಫಿ ವ್ಯಾಪಾರಿಯೊಬ್ಬರ ಹೆಸರು ಬರೆದ ಜೇಬುಗಡಿಯಾರ ಒಂದಿತ್ತು. ಅದಕ್ಕಾಗಿ ಮಾಷ್ಟ್ರು ಆ ಮನೆಯ ಮುದುಕಿಯ ಆರೋಗ್ಯ ವಿಚಾರಿಸುತ್ತಾ ಎಷ್ಟೋ ಸಲ ಹೋಗಿ ಎಳ್ಳುಂಡೆ ತಿಂದು ಬಂದಿದ್ದರು. ಕೊನೆಗೆ ಆಕೆ ಕೊಡುತ್ತೇನೆಂದ ದಿನ ಮಾಷ್ಟ್ರು ಬಸ್ಸಿಗೆ ಕಾಯುತ್ತಿದ್ದರು, ಜಿತೇಶ್ ಆ ಮನೆಯ ಏಸಿ ನೋಡಲು ಹೋಗಿದ್ದ. ಗಡಿಯಾರ ಕೂಳೂರಿಗೆ ಹೋಯಿತು.

ಕಿಚ್ಚು ಹತ್ತಿದ್ದು ಆವತ್ತು. ಆಮೇಲೆ ಅದು ಆರಲಿಲ್ಲ. ಮಂಗಳೂರಿನ ಅಂಗಡಿ, ಕಾರ್ಖಾನೆ, ವ್ಯಾಪಾರಿಗಳ ಹೆಸರನ್ನು ಮುಖದ ಮೇಲೆ ಹೊತ್ತ ಗಡಿಯಾರಗಳನ್ನೇ ಜಿತೇಶ್ ಹುಡುಕಿ ಹುಡುಕಿ ಸೇರಿಸಿದ. ಅವನ ಬಗ್ಗೆ ಪತ್ರಿಕೆಯಲ್ಲಿ ಬಂತು, ಫೋಟೋ ಸಮೇತ. ‘ಶಾಲೆಯ ಮಾಷ್ಟ್ರೊಬ್ಬರಿಂದ ಈ ಆಸಕ್ತಿ ಹುಟ್ಟಿತು’ ಎಂದೂ ಬರೆದಿದ್ದರು. ಮಾಷ್ಟ್ರು ಆ ಸಾಲನ್ನು ಓದಿ ಪತ್ರಿಕೆಯನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೊಮ್ಮೆ ಓದಿದರು.

“ಮಾಷ್ಟ್ರೊಬ್ಬರು! ಆ ಮಾಷ್ಟ್ರಿಗೆ ಹೆಸರಿಲ್ವಾ? ಅವರ ಅಪ್ಪ ಅಮ್ಮ ಹೆಸರಿಡಲಿಲ್ವಾ?”

“ಬಿಡಿ ಮಾರಾಯ್ರೆ, ಬರೆದವರಿಗೆ ಗೊತ್ತಿರ್ಲಿಕ್ಕಿಲ್ಲ” ಎಂದರು ಗಿರಿಜಮ್ಮ ತೆಂಗಿನಕಾಯಿ ತುರಿಯುತ್ತಾ.

ಮಾಷ್ಟ್ರು ಎದ್ದು ಹೋಗಿ ಬಿಸ್ಕೆಟ್ ಡಬ್ಬಿ ತೆಗೆದರು.

ಅದರಲ್ಲಿದ್ದದ್ದು ಮಯೂರ ಟೈಲ್ ವರ್ಕ್ಸಿನ ವಾಚು. ಒಂದು ಕಾಲಕ್ಕೆ ಹೊಳೆಯ ದಂಡೆಯಲ್ಲಿ ಹೊಗೆ ಕಾರುತ್ತಿದ್ದ ಹಂಚಿನ ಕಾರ್ಖಾನೆ ಅದು. ಅದರ ಧಣಿಗಳು ತಮ್ಮ ಮೇಸ್ತ್ರಿಗಳಿಗೆ ಕೊಡಲೆಂದು ಸ್ವಿಸ್ ಕಂಪನಿಯೊಂದರಿಂದ ಕೆಲವು ಕೈಗಡಿಯಾರ ಮಾಡಿಸಿ ತರಿಸಿದ್ದರು. ಕೆನೆಬಣ್ಣದ ಮುಖ, ಆರರ ಅಂಕಿಯ ಮೇಲೆ ಕಾರ್ಖಾನೆಯ ಹೆಸರು, ಅದರ ಮೇಲೆ ಕಟ್ಟಿರುವೆಯಷ್ಟು ದೊಡ್ಡ ಒಂದು ನವಿಲು. ಹಂಚುಗಳ ಬೆನ್ನಿಗೆ ಒತ್ತುತ್ತಿದ್ದ ಅದೇ ನವಿಲು. ಕೆಸರು, ಬೆವರು, ಭಟ್ಟಿಯ ಕಾವು ಎಲ್ಲ ಸೇರಿ ಉಳಿದ ವಾಚುಗಳನ್ನೆಲ್ಲ ತಿಂದುಹಾಕಿದ್ದವು. ಇದೊಂದು ಬಂದರಿನ ಗುಜರಿ ಅಂಗಡಿಯಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಯಲ್ಲಿ ಮಾಷ್ಟ್ರ ಕೈಗೆ ಸಿಕ್ಕಿತ್ತು. ಇನ್ನೊಂದನ್ನು ಕಂಡವರನ್ನು ಕಂಡವರೂ ಇಲ್ಲ.

ಆಟಿ ತಿಂಗಳ ಒಂದು ಮಧ್ಯಾಹ್ನ, ಮಳೆ ಸುರಿಯುತ್ತಿರುವಾಗ, ಜಿತೇಶ್ ಬಂದ. ಅವನ ಹೆಂಡತಿ ಹೇಮಾಕ್ಷಿ ಮಾಡಿದ ಹಲಸಿನ ಹಪ್ಪಳದ ಕಟ್ಟನ್ನು ಗಿರಿಜಮ್ಮನ ಕೈಗೆ ಕೊಟ್ಟು, ಕೊಡೆಯನ್ನು ಹೊರಗೆ ಬಿಟ್ಟು ಕೂತ. ಊರ ಸುದ್ದಿ ಮುಗಿಯುವ ತನಕ ಕಾದು ಹೇಳಿದ:

“ಸರ್, ಆ ನವಿಲನ್ನು ಒಮ್ಮೆ ತೋರಿಸ್ತೀರಾ?”

ಮಾಷ್ಟ್ರು ತೋರಿಸಿದರು. ತೋರಿಸುವುದರಲ್ಲಿ ಅವರಿಗೆ ಜಿಪುಣತನ ಇರಲಿಲ್ಲ. ಜಿತೇಶ್ ವಾಚನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತ. ಕಿವಿಗೆ ಹಿಡಿದ, ತಿರುಗಿಸಿದ, ಮತ್ತೆ ಬೆಳಕಿಗೆ ಹಿಡಿದ. ಮಾಷ್ಟ್ರು ವಾಚನ್ನು ನೋಡದೆ ಅವನ ಮುಖವನ್ನೇ ನೋಡುತ್ತಿದ್ದರು.

“ಭಾರೀ ಪೊರ್ಲು ಉಂಟು ಸರ್, ಭಾರೀ ಚಂದ” ಎಂದ ಕಡೆಗೆ. “ಒಂದು ಮಾತು ಕೇಳ್ತೇನೆ, ಬೇಸರ ಮಾಡ್ಬೇಡಿ. ಇದನ್ನು ನನಗೆ ಕೊಡ್ತೀರಾ? ನೀವು ಹೇಳಿದ್ದೇ ಕ್ರಯ. ಊರ ಹೆಸರಿನದ್ದು ಎಲ್ಲ ಆಯ್ತು ನನ್ನ ಹತ್ತಿರ. ಇದೊಂದೇ ಇಲ್ಲ.”

ಇದೊಂದೇ ಇಲ್ಲ! ಮಾಷ್ಟ್ರ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

“ನೋಡುವ” ಎಂದರು.

ಮಂಗಳೂರಿನಲ್ಲಿ ‘ನೋಡುವ’ ಎಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಮದುವೆಯ ಸಂಬಂಧದಿಂದ ಹಿಡಿದು ದೇವಸ್ಥಾನದ ಚಂದಾವರೆಗೆ ಏನನ್ನು ಬೇಕಾದರೂ ಇಲ್ಲಿನವರು ಈ ಒಂದು ಮಾತಿಗೆ ತೂಗುಹಾಕಿ ವರ್ಷಗಟ್ಟಲೆ ಒಣಗಿಸಬಲ್ಲರು. ಕೇಳಿದವನೂ ಬೇಸರ ಮಾಡುವಂತಿಲ್ಲ, ಯಾಕೆಂದರೆ ನಾಳೆ ಅವನೂ ಯಾರಿಗೋ ಅದನ್ನೇ ಹೇಳುವವನು. ಜಿತೇಶ್ ನಕ್ಕು, ಚಹಾ ಕುಡಿದು, ಕೊಡೆ ಬಿಡಿಸಿ ಹೋದ.

ಮರುದಿನ ಬೆಳಿಗ್ಗೆ ನೋಡಿದರೆ ವಾಚು ನಿಂತಿತ್ತು. ಕೀಲಿ ಕೊಟ್ಟರೂ ನಡೆಯಲಿಲ್ಲ, ಅಲುಗಿಸಿದರೂ ನಡೆಯಲಿಲ್ಲ.

“ಅವನ ಕಣ್ಣು ಬಿತ್ತು!” ಎಂದರು ಮಾಷ್ಟ್ರು.

ಗಿರಿಜಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಗಳ ಮಗು ಸಮೀಕ್ಷಾಳಿಗೆ ದೃಷ್ಟಿ ತೆಗೆದ ದಿನ ಇದೇ ಮನುಷ್ಯ ಮೂಢನಂಬಿಕೆಯ ಮೇಲೆ ಅಡುಗೆಮನೆಯಲ್ಲೇ ಭಾಷಣ ಬಿಗಿದಿದ್ದರು. ಮೆಣಸಿನ ಘಾಟು ಎಂದರೆ ಏನು, ಅದು ಕಾವಿಗೆ ಹೇಗೆ ಏಳುತ್ತದೆ ಎಂಬುದನ್ನೆಲ್ಲ ಹೇಳಿ ತೊಟ್ಟಿಲ ಮಗುವನ್ನೂ ನಿದ್ದೆ ಮಾಡಿಸಿದ್ದರು.

“ನೀವಾ ಇದನ್ನು ಹೇಳುವುದು? ಸೈನ್ಸ್ ಮಾಷ್ಟ್ರು?”

“ನೀನು ಹೇಗೂ ತೆಗೀತೀಯಲ್ಲ, ಒಮ್ಮೆ ತೆಗೆದು ನೋಡು. ನಷ್ಟ ಎಂತ?”

ಮುಸ್ಸಂಜೆಗೆ ಬಾಲ್ಕನಿಯಲ್ಲಿ ಮಾಷ್ಟ್ರು ಪೂರ್ವಕ್ಕೆ ಮುಖ ಮಾಡಿ, ನಿಂತ ವಾಚನ್ನು ಕೈಗೆ ಕಟ್ಟಿಕೊಂಡು, ಮದುಮಗನ ಹಾಗೆ ಕೂತರು. ಗಿರಿಜಮ್ಮ ತೆಂಗಿನ ಗೆರಟೆಯ ಕೆಂಡ ತಂದಿಟ್ಟು, ಉಪ್ಪು, ಸಾಸಿವೆ, ಒಣಮೆಣಸು ಮುಷ್ಟಿಯಲ್ಲಿ ಹಿಡಿದು, ವಾಚನ್ನೂ ವಾಚಿನ ಧಣಿಯನ್ನೂ ಸೇರಿಸಿ ಮೂರು ಸುತ್ತು ಇಳಿತೆಗೆದು ಕೆಂಡಕ್ಕೆ ಹಾಕಿದರು. ಇದರ ಲೆಕ್ಕ ಎಲ್ಲರಿಗೂ ಗೊತ್ತಿದ್ದದ್ದೇ. ಮೆಣಸು ಸುಟ್ಟು ಘಾಟೆದ್ದು ಕೆಮ್ಮು ಬಂದರೆ ಯಾರ ಕಣ್ಣೂ ಬಿದ್ದಿಲ್ಲ. ಘಾಟೇ ಏಳದಿದ್ದರೆ ಕಣ್ಣು ಬಿದ್ದದ್ದು ನಿಜ, ಘಾಟನ್ನೆಲ್ಲ ಆ ಕಣ್ಣೇ ನುಂಗಿದೆ.

ಮೆಣಸು ಚಟಪಟ ಎಂದಿತು, ಕಪ್ಪಾಯಿತು, ಬೂದಿಯಾಯಿತು. ಯಾರೂ ಕೆಮ್ಮಲಿಲ್ಲ.

“ಅಯ್ಯೋ ದೇವರೇ, ಒಂದು ಚೂರೂ ಘಾಟಿಲ್ಲ. ಭಾರೀ ಕಣ್ಣು ಬಿದ್ದಿದೆ ಇವರೇ!”

ಡಬ್ಬಿಯ ತಳದಲ್ಲಿ ಕಳೆದ ವರ್ಷದಿಂದ ಬಿದ್ದಿದ್ದ ಮೆಣಸು, ಆಟಿಯ ಮಳೆಗೆ ಹಪ್ಪಳವೇ ಮೆತ್ತಗಾಗುವ ಊರಿನಲ್ಲಿ ಅದಕ್ಕೆ ಘಾಟು ಎಲ್ಲಿಂದ ಬರಬೇಕು ಎಂದು ಬೇರೆ ದಿನವಾಗಿದ್ದರೆ ಮಾಷ್ಟ್ರೇ ಕೇಳುತ್ತಿದ್ದರು. ಆ ದಿನ ಕೇಳಲಿಲ್ಲ. ಇಷ್ಟು ವರ್ಷ ಉರಿದದ್ದು ತಮ್ಮ ಹೊಟ್ಟೆ. ಈಗ ಯಾರದೋ ಹೊಟ್ಟೆ ತಮಗಾಗಿ ಉರಿಯುತ್ತಿದೆ. ಏಸಿ ಅಂಗಡಿಯ ಧಣಿ, ಪತ್ರಿಕೆಯಲ್ಲಿ ಫೋಟೋ ಬಂದವನು, ತಮ್ಮನ್ನು ಕಂಡು ಕರುಬುತ್ತಾನೆ. ಮಾಷ್ಟ್ರು ಆ ದಿನ ಸಾರಿಗೆ ಇನ್ನೊಂದು ಹಪ್ಪಳ ಕೇಳಿ ಹಾಕಿಸಿಕೊಂಡರು, ಅದೂ ಹೇಮಾಕ್ಷಿಯ ಹಪ್ಪಳ.

ಬಂದರಿನಲ್ಲಿ ವಾಚು ರಿಪೇರಿ ಮಾಡುವ ಅಫ್ರೋಝ್ ಬೆನ್ನು ಬಿಚ್ಚಿ ನೋಡಿ, “ಎಣ್ಣೆ ಒಣಗಿದೆ ಸರ್, ಅಷ್ಟೇ” ಎಂದು ತೊಳೆದು ಕೊಟ್ಟ. ವಾಚು ಮತ್ತೆ ನಡೆಯಿತು. ಮಾಷ್ಟ್ರು ‘ಹೌದಾ’ ಎಂದು ತಲೆಯಾಡಿಸಿದರು. ಒಳಗೊಳಗೆ ನಂಬಲಿಲ್ಲ.

ಚೌತಿ ಕಳೆದ ಮೇಲೆ ಅವರಿಗೆ ಒಂದು ಆಸೆ ಹುಟ್ಟಿತು. ಹೊಟ್ಟೆ ಉರಿಯುವವನ ಮನೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ಏಸಿಯ ಬಗ್ಗೆ ಕೇಳುವ ನೆಪ ಮಾಡಿ ಬಸ್ಸು ಹತ್ತಿ ಕೂಳೂರಿಗೆ ಹೋದರು. ಜಿತೇಶ್ ಇರಲಿಲ್ಲ, ಹೇಮಾಕ್ಷಿ ಇದ್ದಳು. ಹಾಲಿನ ಒಂದು ಗೋಡೆಯ ತುಂಬ ಗಾಜಿನ ಕಪಾಟು, ಒಳಗೆ ದೀಪ, ಪ್ರತಿ ವಾಚಿಗೂ ನೀಲಿ ಮಖಮಲ್ಲಿನ ಗುಳಿ, ಅದರ ಕೆಳಗೆ ಹೆಸರಿನ ಚೀಟಿ. ಕಾಫಿ ವ್ಯಾಪಾರಿಯ ಜೇಬುಗಡಿಯಾರವನ್ನು ಕಂಡು ಮಾಷ್ಟ್ರು ಗಾಜಿಗೆ ಮೂಗು ತಾಗಿಸಿ ನಿಂತರು. ಬಿಸ್ಕೆಟ್ ಡಬ್ಬಿಯ ನೆನಪಾಗಿ ನಾಚಿಕೆಯೂ ಆಯಿತು. ಆದರೆ ಆ ಕಪಾಟಿನ ನಟ್ಟನಡುವೆ ಒಂದು ಗುಳಿ ಖಾಲಿ ಇತ್ತು. ಕೆಳಗಿನ ಚೀಟಿ ಮಾತ್ರ ಆಗಲೇ ಸಿದ್ಧವಾಗಿತ್ತು. ‘ಮಯೂರ ಟೈಲ್ ವರ್ಕ್ಸ್.’

“ದಿನಾ ಬೆಳಿಗ್ಗೆ ಚಹಾ ಹಿಡ್ಕೊಂಡು ಇದರ ಎದುರು ನಿಲ್ತಾರೆ ಸರ್” ಎಂದಳು ಹೇಮಾಕ್ಷಿ ನಗುತ್ತಾ. “ಇರುವುದನ್ನು ಒಂದೂ ನೋಡುವುದಿಲ್ಲ. ಆ ಖಾಲಿ ಜಾಗವನ್ನೇ ನೋಡ್ತಾರೆ. ಎಂತ ಮರ್ಲೋ!”

ಹಿಂದಿರುಗುವ ಬಸ್ಸಿನಲ್ಲಿ ಮಾಷ್ಟ್ರಿಗೆ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತೇ ಬಂದರು. ಸೇತುವೆ ದಾಟಿದರೂ ಮುಖದ ನಗು ಇಳಿದಿರಲಿಲ್ಲ. ಅಷ್ಟು ದೊಡ್ಡ ಕಪಾಟಿಗೆ ಒಂದು ತೂತು ಇದೆ, ಆ ತೂತು ತಮ್ಮ ವಾಚಿನ ಅಳತೆಯದು!

ಅಂದಿನಿಂದ ನವಿಲು ಡಬ್ಬಿಯಿಂದ ಹೊರಗೆ ಬಂತು. ವಾಚಿನ ಹುಚ್ಚಿನವರು ಭಾನುವಾರಗಳಲ್ಲಿ ಹಂಪನಕಟ್ಟೆಯ ಒಂದು ಹೋಟೆಲಿನ ಮಾಳಿಗೆಯಲ್ಲಿ ಸೇರುತ್ತಿದ್ದರು. ಹಲ್ಲಿನ ಡಾಕ್ಟರ್ ಶರೊನ್, ಬಟ್ಟೆ ಅಂಗಡಿಯ ಆಶಿಕ್, ಇನ್ನೂ ಕೆಲವರು. ಅಲ್ಲಿಗೆ ಮಾಷ್ಟ್ರು ನವಿಲನ್ನು ಕಟ್ಟಿಕೊಂಡು ಹೋಗತೊಡಗಿದರು. ಗೋಳಿಬಜೆಗೆ ಕೈ ಚಾಚುವಾಗ ಅಂಗಿಯ ತೋಳು ಮೊಣಕೈಯವರೆಗೆ ಏರುತ್ತಿತ್ತು. ಗೋಳಿಬಜೆಯ ತಟ್ಟೆ ಯಾವಾಗಲೂ ಜಿತೇಶನ ಎದುರಿಗೇ ಇರುತ್ತಿತ್ತು. ಅವನ ಕಣ್ಣು ವಾಚಿನ ಮೇಲೆ ಬೀಳುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು, ಮಾತಿನ ನಡುವೆ ತೊದಲುತ್ತಿದ್ದ. ಏಳುವಾಗ ತಗ್ಗಿದ ದನಿಯಲ್ಲಿ ಕೇಳುತ್ತಿದ್ದ, “ಸರ್, ಎಂತ ಮಾಡಿದ್ರಿ?”

“ನೋಡುವ.”

ಹಾಗೆ ಹೇಳಿ ಮೆಟ್ಟಿಲಿಳಿಯುವಾಗ ಮಾಷ್ಟ್ರ ಮಂಡಿನೋವು ಎಲ್ಲಿಗೋ ಹೋಗಿರುತ್ತಿತ್ತು.

ಕ್ರಿಸ್ಮಸ್ಸಿನ ಹೊತ್ತಿಗೆ ಜಿತೇಶ್ ಮನೆಗೇ ಬಂದು ಕೊನೆಯ ಮಾತು ಎಂಬಂತೆ ಹೇಳಿದ. “ಹಣ ಬೇಡದಿದ್ದರೆ ಬೇಡ ಸರ್. ನನ್ನ ಕಪಾಟಿನಲ್ಲಿ ಯಾವುದು ಬೇಕೋ ತೆಕ್ಕೊಳ್ಳಿ. ಆ ಕಾಫಿಯವರ ಜೇಬುಗಡಿಯಾರ ಬೇಕಾದರೆ ಅದೇ. ಅದರ ಮೇಲೆ ನಿಮಗೆ ಮನಸ್ಸಿತ್ತು ಅಂತ ಆಮೇಲೆ ಗೊತ್ತಾಯ್ತು. ಮೊದಲೇ ಗೊತ್ತಿದ್ದರೆ ನಾನು ಮುಟ್ಟುತ್ತಿರಲಿಲ್ಲ.”

ಮಾಷ್ಟ್ರು ಒಮ್ಮೆ ಅಲುಗಾಡಿದರು. ಆ ಗಡಿಯಾರವನ್ನು ಎಷ್ಟು ಸಲ ಕನಸಿನಲ್ಲಿ ಕಂಡಿದ್ದರು! ‘ಆಯ್ತು’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಜಿತೇಶನ ಮುಖ ಕಂಡಿತು. ಆಸೆಯಿಂದ ಬಾಯಿ ಸ್ವಲ್ಪ ತೆರೆದುಕೊಂಡಿತ್ತು. ಆ ಬಾಯಿ ಮುಚ್ಚಿಸುವುದು ಮಾಷ್ಟ್ರಿಂದ ಆಗಲಿಲ್ಲ.

“ನೋಡುವ” ಎಂದರು.

ಅವನು ಹೋದ ಮೇಲೆ ಗಿರಿಜಮ್ಮ ಸುಮ್ಮನಿರಲಿಲ್ಲ. “ತಾನೂ ತಿನ್ನ, ತಿನ್ನುವವರಿಗೂ ಬಿಡ ಅಂದ ಹಾಗಾಯ್ತು ನಿಮ್ಮದು. ನಿಮಗೆ ಬೇಕಾದ್ದೇ ಕೊಡ್ತೇನೆ ಅಂತಾನಲ್ಲ. ಕೊಟ್ಟುಬಿಡಿ. ಎಷ್ಟು ಮರ್ಯಾದೆಯ ಹುಡುಗ.”

“ನಿನಗೆ ಅರ್ಥ ಆಗುವುದಿಲ್ಲ.”

“ಅರ್ಥ ಆಗುವ ಹಾಗೆ ಹೇಳಿ.”

ಮಾಷ್ಟ್ರು ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು. “ಇದನ್ನು ಕೊಟ್ಟರೆ ಅವನ ಹತ್ತಿರ ಎಲ್ಲ ಆಯ್ತು. ಮತ್ತೆ ಅವ ನನ್ನನ್ನು ಎಂತಕ್ಕೆ ನೋಡ್ತಾನೆ? ನನ್ನ ಹತ್ತಿರ ಎಂತ ಉಂಟು ನೋಡ್ಲಿಕ್ಕೆ?”

ಗಿರಿಜಮ್ಮ ಒಳಗೆ ಹೋಗಿ ಕುಕ್ಕರ್ ಇಟ್ಟರು.

ಸೆಕೆ ಶುರುವಾಯಿತು. ಏಸಿಯವರಿಗೆ ಪುರುಸೊತ್ತಿಲ್ಲದ ಕಾಲ ಎಂದು ಜಿತೇಶ್ ಕೆಲವು ಭಾನುವಾರ ಬರಲಿಲ್ಲ. ಬಂದ ದಿನ ಮಾಷ್ಟ್ರು ಗೋಳಿಬಜೆಯ ತಟ್ಟೆಯನ್ನು ತಾವೇ ಅವನ ಎದುರಿಗೆ ಸರಿಸಿ ಕೂತರು. ಅವನು ಬಂದವನೇ ಮೊಬೈಲು ತೆಗೆದು ಎಲ್ಲರಿಗೂ ಫೋಟೋ ತೋರಿಸತೊಡಗಿದ. ವಾಚಿನದ್ದಲ್ಲ, ದೋಣಿಯದ್ದು. ಗುರುಪುರ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದವರೊಬ್ಬರ ಹಳೆಯ ಮರದ ದೋಣಿಯಂತೆ, ಅದನ್ನು ತೆಗೆದುಕೊಂಡು ರಿಪೇರಿ ಮಾಡಿಸಿದ್ದಾನಂತೆ, ಈಗ ಹುಟ್ಟು ಹಾಕಲು ಕಲಿತಿದ್ದಾನಂತೆ. ಅಂಗೈ ಬಿಚ್ಚಿ ಬೊಬ್ಬೆ ತೋರಿಸಿದ. ಹೊಳೆಯ ಮಧ್ಯದಲ್ಲಿ ಎಷ್ಟು ಸುಮ್ಮನಿರುತ್ತದೆ ಎಂದ. ಶರೊನ್, ಆಶಿಕ್ ಎಲ್ಲರೂ ಆ ಫೋಟೋಗಳಿಗೆ ತಲೆ ಬಾಗಿಸಿದ್ದರು.

ಮಾಷ್ಟ್ರು ಗೋಳಿಬಜೆಗೆ ಕೈ ಚಾಚಿದರು. ತೋಳು ಏರಿತು. ಜಿತೇಶ್ ನೋಡಲಿಲ್ಲ. ಚಟ್ನಿಗೆ ಕೈ ಚಾಚಿದರು, ನೀರಿಗೆ ಚಾಚಿದರು. ಕೊನೆಗೆ ನವಿಲಿದ್ದ ಕೈಯನ್ನೇ ಮೇಜಿನ ನಡುವೆ ಇಟ್ಟು, “ಗಂಟೆ ಎಷ್ಟಾಯ್ತು ಮಾರಾಯ?” ಎಂದು ಕೇಳಿದರು.

ಜಿತೇಶ್ ಮೊಬೈಲು ನೋಡಿ, “ಹನ್ನೊಂದೂವರೆ ಸರ್” ಎಂದ. ಮತ್ತೆ ದೋಣಿಯ ಮಾತಿಗೆ ಹೋದ.

ಏಳುವಾಗ ಮಾಷ್ಟ್ರು ಬೇಕೆಂದೇ ತಡ ಮಾಡಿದರು. ಚಪ್ಪಲಿಯ ಪಟ್ಟಿ ಸರಿಮಾಡಿದರು, ಕನ್ನಡಕ ಒರೆಸಿದರು. ಅವನು, “ಬರ್ತೇನೆ ಸರ್, ಗಿರಿಜಮ್ಮನಿಗೆ ಕೇಳಿದೆ ಅಂತ ಹೇಳಿ” ಎಂದು ಮೆಟ್ಟಿಲಿಳಿದು ಹೋದ. ‘ಎಂತ ಮಾಡಿದ್ರಿ’ ಎಂದು ಕೇಳಲೇ ಇಲ್ಲ. ಸಿದ್ಧವಾಗಿದ್ದ ‘ನೋಡುವ’ ಮಾಷ್ಟ್ರ ಗಂಟಲಲ್ಲೇ ಉಳಿಯಿತು.

ಆ ವಾರ ಮಾಷ್ಟ್ರಿಗೆ ಊಟ ಸೇರಲಿಲ್ಲ. ಡಬ್ಬಿ ತೆಗೆದು ನವಿಲನ್ನು ನೋಡಿದರೆ ಮೊದಲಿನ ಹಾಗೆ ಮದ್ದು ಹಿಡಿಯಲಿಲ್ಲ. ‘ಇದು ಅವನ ಹತ್ತಿರ ಇಲ್ಲ’ ಎಂದುಕೊಂಡರು. ಇಲ್ಲದಿದ್ದರೆ ಏನಾಯಿತು, ಅವನಿಗೆ ಬೇಡವಲ್ಲ ಎಂದು ಇನ್ನೊಂದು ದನಿ ಹೇಳಿತು. ನಾಟಕವಿರಬಹುದು ಎಂದುಕೊಂಡರು. ಕೈಗೆಟುಕದ ದ್ರಾಕ್ಷಿ ಹುಳಿ ಎನ್ನುತ್ತಿರಬಹುದು. ನಾಟಕವಾದರೆ ಹಿಡಿಯುವುದು ಸುಲಭ. ವಾಚನ್ನು ಕೈಗೇ ಕೊಟ್ಟು ನೋಡಿದರಾಯಿತು, ಮುಖ ಸುಳ್ಳು ಹೇಳಲಾರದು.

“ಕೊಟ್ಟುಬಿಡುವ ಅಂತ ಮಾಡಿದ್ದೇನೆ” ಎಂದರು ಹೆಂಡತಿಗೆ.

“ಅಬ್ಬ, ದೇವರು ಒಳ್ಳೇ ಬುದ್ಧಿ ಕೊಟ್ಟ” ಎಂದು ಗಿರಿಜಮ್ಮ ಹೊಸ ಅಂಗಿ ತೆಗೆದುಕೊಟ್ಟರು.

ಕೂಳೂರಿನ ಮನೆ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಹಾಲಿನಲ್ಲಿ ಜಿತೇಶನ ಮಗಳು ಮೋಕ್ಷಾ ಚಿತ್ರ ಬರೆಯುತ್ತಾ ಕೂತಿದ್ದಳು, ಒಂದನೇ ಕ್ಲಾಸಿನ ಹುಡುಗಿ. ಮಾಷ್ಟ್ರು ಕಪಾಟಿನತ್ತ ತಿರುಗಿದರು. ದೀಪ ಹಾಕಿರಲಿಲ್ಲ. ಗುಳಿಗಳಲ್ಲಿ ಅರ್ಧಕ್ಕರ್ಧ ಖಾಲಿ. ಆದರೆ ನಟ್ಟನಡುವಿನ ಗುಳಿ ಖಾಲಿ ಇರಲಿಲ್ಲ. ‘ಮಯೂರ ಟೈಲ್ ವರ್ಕ್ಸ್’ ಎಂಬ ಚೀಟಿಯ ಮೇಲೆ, ನೀಲಿ ಮಖಮಲ್ಲಿನಲ್ಲಿ, ಗುಲಾಬಿ ಬಣ್ಣದ ಪ್ಲಾಸ್ಟಿಕ್ ವಾಚೊಂದು ಕೂತಿತ್ತು. ಸಂತೆಯಲ್ಲಿ ಮಕ್ಕಳಿಗೆ ಕೊಡಿಸುವಂಥದ್ದು.

“ಅದು ನಂದು ಅಜ್ಜ” ಎಂದಳು ಮೋಕ್ಷಾ. “ಅದು ನಡೆಯುವುದಿಲ್ಲ, ಸುಮ್ಮನೆ ಇಟ್ಟದ್ದು.”

ಹಿಂದಿನ ಬಾಗಿಲಿನಿಂದ ಜಿತೇಶ್ ಬಂದ. ಮಂಡಿಯವರೆಗೆ ಮಡಚಿದ ಪ್ಯಾಂಟು, ಕಾಲೆಲ್ಲ ಕೆಸರು. ಮಾಷ್ಟ್ರನ್ನು ಕಂಡು ಖುಷಿಯಿಂದ, “ಓ ಸರ್! ಸರಿಯಾದ ಹೊತ್ತಿಗೆ ಬಂದ್ರಿ. ಬನ್ನಿ, ದೋಣಿಯಲ್ಲಿ ಒಂದು ಸುತ್ತು ಹೋಗುವ” ಎಂದ.

“ಉಳಿದ ವಾಚುಗಳು ಎಲ್ಲಿ?”

“ಕೊಟ್ಟೆ ಸರ್. ಶರೊನ್ ಡಾಕ್ಟ್ರಿಗೆ ಕೆಲವು, ಆಶಿಕ್‌ಗೆ ಕೆಲವು. ಯಾರಿಗೆ ಮನಸ್ಸುಂಟೋ ಅವರಿಗೆ. ನಿಮ್ಮ ಆ ಜೇಬುಗಡಿಯಾರ ತೆಗೆದಿಟ್ಟಿದ್ದೇನೆ, ಹೋಗುವಾಗ ತೆಕ್ಕೊಂಡು ಹೋಗಿ. ಬದಲಿಗೆ ಎಂತದೂ ಬೇಡ.”

ಮಾಷ್ಟ್ರು ಜೇಬಿನಿಂದ ನವಿಲನ್ನು ತೆಗೆದು ಅವನ ಅಂಗೈಗೆ ಇಟ್ಟರು. “ಇದನ್ನು ನಿನಗೆ ಕೊಡುವ ಅಂತ ಬಂದೆ.”

ಜಿತೇಶ್ ನೋಡಿದ. ಮಾಷ್ಟ್ರು ಅವನ ಮುಖವನ್ನೇ ನೋಡಿದರು. ಕಣ್ಣು ಅಲ್ಲಿ ನಿಲ್ಲಲಿಲ್ಲ, ಬಾಯಿ ತೆರೆದುಕೊಳ್ಳಲಿಲ್ಲ. ಒಳ್ಳೆಯ ವಸ್ತುವನ್ನು ಕಂಡವನು ಸುಮ್ಮನೆ ತಲೆಯಾಡಿಸುವ ಹಾಗೆ ಆಡಿಸಿ, ಹಿಂದಕ್ಕೆ ಅವರ ಕೈಗೇ ಇಟ್ಟ.

“ಬೇಡ ಸರ್. ನಿಮ್ಮ ಹತ್ತಿರವೇ ಇರಲಿ. ನಿಮಗೆ ಅದು ಎಷ್ಟು ಇಷ್ಟ ಅಂತ ನನಗೆ ಗೊತ್ತಾಯ್ತಲ್ಲ. ಅಷ್ಟು ಸಲ ಕೇಳಿ ನಿಮಗೆ ಉಪದ್ರ ಕೊಟ್ಟೆ, ಅದೇ ಬೇಸರ ನಂಗೆ.”

“ಉಪದ್ರ ಎಂತದ್ದು? ಕೇಳ್ಬೇಕು, ಕೇಳಿದರೆ ತಪ್ಪೇನು? ಅಲ್ಲ, ನಿನಗೆ ಇದು ಬೇಕಿತ್ತಲ್ಲ? ದಿನಾ ಬೆಳಿಗ್ಗೆ ಚಹಾ ಹಿಡ್ಕೊಂಡು ನಿಲ್ತಿದ್ದಿಯಲ್ಲ?”

“ನಿಲ್ತಿದ್ದೆ ಸರ್. ಒಂದು ದಿನ ನಿಂತಾಗ ಸಾಕು ಅನಿಸ್ತು. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ.” ಜಿತೇಶ್ ಕಾಲಿನ ಕೆಸರನ್ನು ಮೆಟ್ಟಿಲಿಗೆ ಉಜ್ಜುತ್ತಾ ನಕ್ಕ. “ನಿಮ್ಮದೇ ಉಪಕಾರ. ನೀವು ಕೊಡದ್ದು ಒಳ್ಳೆಯದಾಯ್ತು.”

‘ಸಾಕು’ ಎಂಬ ಮಾತು! ಎಂ ಎಸ್ಸಿ ಮಾಡಿದ, ಇಷ್ಟು ವರ್ಷ ಪಾಠ ಹೇಳಿದ ಕೃಷ್ಣರಾಜ ಮಾಷ್ಟ್ರ ಹೊಟ್ಟೆಗೆ ಆ ಒಂದು ಮಾತು ಹೇಳಲು ಇವತ್ತಿಗೂ ಬಾರದು. ಕಪಾಟು ತುಂಬ ವಾಚು ಇದ್ದಾಗಲೂ, ಪತ್ರಿಕೆಯಲ್ಲಿ ಫೋಟೋ ಬಂದಾಗಲೂ ಅವರಿಗೆ ಇವನ ಮೇಲೆ ಇಷ್ಟು ಹೊಟ್ಟೆಕಿಚ್ಚು ಆಗಿರಲಿಲ್ಲ. ವಾಚನ್ನಾದರೆ ಹುಡುಕಬಹುದು, ಮುದುಕಿಯರ ಮನೆಯಲ್ಲಿ ಎಳ್ಳುಂಡೆ ತಿನ್ನಬಹುದು. ಇದನ್ನು ಎಲ್ಲಿಂದ ತರುವುದು?

“ಕ್ರಯ ಬೇಡ” ಎಂದರು ಮಾಷ್ಟ್ರು. ದನಿ ತಮ್ಮದೇ ಎಂದು ಅವರಿಗೇ ಅನಿಸಲಿಲ್ಲ. “ಸುಮ್ಮನೆ ಇಟ್ಟುಕೋ. ಆ ಜಾಗದಲ್ಲಿ ಇಡು. ಚೀಟಿ ಉಂಟಲ್ಲ ಅಲ್ಲಿ.”

ಮೋಕ್ಷಾ ಚಿತ್ರದಿಂದ ತಲೆಯೆತ್ತಿ, “ಅದು ನನ್ನ ಜಾಗ” ಎಂದಳು.

ಜಿತೇಶ್ ಮಗಳನ್ನು ನೋಡಿದ, ಮಾಷ್ಟ್ರನ್ನು ನೋಡಿದ. ಯಾರಿಗೂ ನೋವಾಗಬಾರದು ಎಂಬ ಮನಸ್ಸಿನವನು. ಮಾಷ್ಟ್ರ ಭುಜದ ಮೇಲೆ ಮೆತ್ತಗೆ ಕೈಯಿಟ್ಟು ಹೇಳಿದ:

“ನೋಡುವ ಸರ್.”

ಮಾಷ್ಟ್ರು ದೋಣಿ ಹತ್ತಲಿಲ್ಲ. ಜೇಬುಗಡಿಯಾರವನ್ನೂ ತೆಗೆದುಕೊಳ್ಳಲಿಲ್ಲ. ಮನೆಯಲ್ಲಿ ಕೆಲಸವುಂಟು ಎಂದು ಹೇಳಿ ಬಸ್ಸು ಹತ್ತಿದರು. ಸೇತುವೆಯ ಮೇಲೆ ಬಸ್ಸು ಟ್ರಾಫಿಕ್ಕಿಗೆ ಸಿಕ್ಕಿ ನಿಂತಿತು. ಕೆಳಗೆ ಹೊಳೆಯಲ್ಲಿ ಒಂದು ಸಣ್ಣ ದೋಣಿ ಹೋಗುತ್ತಿತ್ತು, ಮುಂದೆ ಒಂದು ಮಗು, ಹಿಂದೆ ಹುಟ್ಟು ಹಾಕುವವನು. ಅವನೇ ಇರಬಹುದು, ಬೇರೆ ಯಾರೋ ಇರಬಹುದು. ಮಾಷ್ಟ್ರು ಬೇರೆ ಕಡೆಗೆ ಮುಖ ತಿರುಗಿಸಿ ಕೂತರು.

ಮನೆಗೆ ಬಂದಾಗ ಗಿರಿಜಮ್ಮ ದೇವರಿಗೆ ದೀಪ ಹಚ್ಚುತ್ತಿದ್ದರು. ಗಂಡನ ಕೈಯಲ್ಲಿ ವಾಚು ಹಾಗೇ ಇರುವುದನ್ನು ಕಂಡು, “ಕೊಡ್ಲಿಲ್ವಾ?” ಎಂದರು.

“ಗಿರಿಜಾ, ಒಮ್ಮೆ ದೃಷ್ಟಿ ತೆಗೆ.”

“ಯಾಕೆ, ಪುನಃ ನಿಂತಿತಾ?”

“ನಡೀತಾ ಉಂಟು. ನೀನು ತೆಗೆ.”

ಕೇಳಿ ಫಲವಿಲ್ಲ ಎಂದು ಮುಖ ನೋಡಿಯೇ ಗಿರಿಜಮ್ಮನಿಗೆ ತಿಳಿಯಿತು. ಗೆರಟೆ ಹೊತ್ತಿಸಿದರು. ಮಾಷ್ಟ್ರು ಬಾಲ್ಕನಿಯಲ್ಲಿ ಅದೇ ಜಾಗದಲ್ಲಿ ಪೂರ್ವಕ್ಕೆ ಮುಖ ಮಾಡಿ, ನವಿಲು ಮೇಲೆ ಬರುವಂತೆ ಕೈಯನ್ನು ತೊಡೆಯ ಮೇಲಿಟ್ಟು ಕೂತರು. ಉಪ್ಪು, ಸಾಸಿವೆ, ಮೆಣಸು ಮೂರು ಸುತ್ತು ಬಂದು ಕೆಂಡಕ್ಕೆ ಬಿದ್ದವು. ಮಾಷ್ಟ್ರು ಕಣ್ಣು ಮುಚ್ಚಿಕೊಂಡು ಕಾದರು. ನಾಟಕವಾಗಿರಲಿ, ದೇವರೇ, ಎಂದು ಬೇಡಿಕೊಂಡರು. ಎಲ್ಲೋ ಒಳಗೆ ಒಂದು ಚೂರು ಉರಿಯುತ್ತಿರಲಿ.

ಮೊದಲು ಮೂಗು ಚುರುಗುಟ್ಟಿತು. ಆಮೇಲೆ ಗಂಟಲಿಗೆ ಹಿಡಿಯಿತು. ಗಿರಿಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದರು, ಮಾಷ್ಟ್ರು ಕೆಮ್ಮಿದರು, ಮೇಲಿನ ಫ್ಲ್ಯಾಟಿನವರು ಕೆಮ್ಮಿ ಕಿಟಕಿ ಮುಚ್ಚಿಕೊಂಡರು. ಕೆಳಗೆ ವಾಚ್‌ಮನ್ ಸೀನಿದ್ದು ಇಲ್ಲಿಗೂ ಕೇಳಿಸಿತು. ಮೊನ್ನೆಯಷ್ಟೇ ಬಂದರಿನಿಂದ ತಂದು ಬಿಸಿಲಿಗೆ ಹಾಕಿ ಗರಿಗರಿ ಮಾಡಿದ ಈ ವರ್ಷದ ಹೊಸ ಮೆಣಸು.

“ನೋಡಿ!” ಎಂದರು ಗಿರಿಜಮ್ಮ ಕೆಮ್ಮಿನ ನಡುವೆ, ಸಂತೋಷದಿಂದ. “ಯಾರ ಕಣ್ಣೂ ಇಲ್ಲ. ಒಬ್ಬರದ್ದೂ ಇಲ್ಲ. ಇನ್ನು ಧೈರ್ಯದಲ್ಲಿ ಕಟ್ಟಿಕೊಂಡು ತಿರುಗಿ.”

ಮಾಷ್ಟ್ರ ಎರಡೂ ಕಣ್ಣುಗಳಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಕೈಯನ್ನು ತೊಡೆಯ ಮೇಲಿಂದ ಎತ್ತಲೂ ಇಲ್ಲ.

“ಇನ್ನೊಂದು ಸಲ ತೆಗೆ ಗಿರಿಜಾ” ಎಂದರು. “ಹಳೇ ಮೆಣಸು ಸ್ವಲ್ಪ ಉಳಿದಿದೆಯಾ ನೋಡು.”